ಸಕ್ಕರೆಯಿಂದ ಪಿಷ್ಟ ಕಟ್ಟಹೊರಟವರು

ಒಂದು ಹಿಡಿ ಅವಲಕ್ಕಿಯನ್ನು ಬಾಯಿಗೆ ಹಾಕಿಕೊಂಡು, ನುಂಗದೆ ಸುಮ್ಮನೆ ಅಗಿಯುತ್ತಾ ಹೋದರೆ ಸ್ವಲ್ಪ ಹೊತ್ತಿಗೆ ನಾಲಿಗೆಗೆ ಸಿಹಿ ಅನ್ನಿಸತೊಡಗುತ್ತದೆ. ಬೆಲ್ಲ ಹಾಕಿಲ್ಲ, ಸಕ್ಕರೆ ಬೆರೆಸಿಲ್ಲ. ಸಿಹಿ ಬಂದದ್ದು ಅವಲಕ್ಕಿಯಿಂದಲೇ. ಅಕ್ಕಿಯೊಳಗಿನ ಪಿಷ್ಟವೆಂದರೆ ಗ್ಲೂಕೋಸ್ ಎಂಬ ಸರಳ ಸಕ್ಕರೆಯ ನೂರಾರು, ಸಾವಿರಾರು ಅಣುಗಳು ಕೈಕೈ ಹಿಡಿದು ನಿಂತ ಸರಪಳಿ. ಜೊಲ್ಲಿನಲ್ಲಿರುವ ಕಿಣ್ವ ಆ ಸರಪಳಿಯನ್ನು ತುಂಡರಿಸುತ್ತದೆ. ಬಿಡಿಯಾದ ಸಣ್ಣ ತುಂಡುಗಳು ಸಿಹಿಯಾಗಿರುತ್ತವೆ.

ಒಡೆಯುವುದು ಇಷ್ಟು ಸುಲಭ. ಆದರೆ ಕಟ್ಟುವುದು? ಒಂದು ಚಮಚ ಗ್ಲೂಕೋಸನ್ನು ಮತ್ತೆ ಪಿಷ್ಟವಾಗಿ ಮಾಡಲು ಸಾಧ್ಯವೆ? ಗದ್ದೆಯಲ್ಲಿ ಭತ್ತದ ಪೈರು ಸದ್ದಿಲ್ಲದೆ ಮಾಡುವ ಈ ಕೆಲಸವನ್ನು ಗಾಜಿನ ಪಾತ್ರೆಯಲ್ಲಿ ಮಾಡಿ ತೋರಿಸಲು ಯುರೋಪಿನ ರಸಾಯನಜ್ಞರು 1870ರ ದಶಕದಲ್ಲಿ ಕೈಹಾಕಿದರು. ಪಿಷ್ಟ, ಮರ ಮತ್ತು ಹತ್ತಿಯ ಸೆಲ್ಯುಲೋಸ್, ಪ್ರಾಣಿಗಳ ಯಕೃತ್ತಿನಲ್ಲಿ ಸಂಗ್ರಹವಾಗುವ ಗ್ಲೈಕೋಜನ್, ಇವನ್ನೆಲ್ಲ ಒಟ್ಟಾಗಿ ಬಹುಶರ್ಕರಗಳು ಎನ್ನುತ್ತಾರೆ. ಇವುಗಳಲ್ಲಿ ಒಂದನ್ನಾದರೂ ಕಟ್ಟುವ ಪ್ರಯತ್ನದಲ್ಲಿ ದೊಡ್ಡ ದೊಡ್ಡವರೇ ಎಡವಿದರು. ಅವರು ಎಡವಿದ ಬಗೆ ಅವರ ಗೆಲುವುಗಳಷ್ಟೇ ಸ್ವಾರಸ್ಯಕರವಾಗಿದೆ.

ಕಥೆ ಶುರುವಾಗುವುದು ಮಾತ್ರ ಒಡೆಯುವುದರಿಂದಲೇ. ಅದು ನೆಪೋಲಿಯನ್ನನ ಯುದ್ಧಗಳ ಕಾಲ. ಬ್ರಿಟನ್ನಿನ ವ್ಯಾಪಾರದ ಮೇಲೆ ಹೇರಿದ್ದ ದಿಗ್ಬಂಧನದಿಂದಾಗಿ ಯುರೋಪಿನಲ್ಲಿ ಕಬ್ಬಿನ ಸಕ್ಕರೆಗೆ ಬರ ಬಂದಿತ್ತು. 1811ರಲ್ಲಿ ರಷ್ಯದ ಸೇಂಟ್ ಪೀಟರ್ಸ್‌ಬರ್ಗ್ ನಗರದಲ್ಲಿ ಕಿರ್ಖ್‌ಹಾಫ್ ಎಂಬ ರಸಾಯನಜ್ಞ ಪಿಷ್ಟವನ್ನು ನೀರು ಬೆರೆಸಿದ ಗಂಧಕಾಮ್ಲದಲ್ಲಿ ಗಂಟೆಗಟ್ಟಲೆ ಕುದಿಸಿದ. ಗಟ್ಟಿ ಗಂಜಿ ತೆಳುವಾಯಿತು, ಆಮೇಲೆ ಸಿಹಿಯಾಯಿತು. ಸೀಮೆಸುಣ್ಣದ ಪುಡಿ ಹಾಕಿ ಆಮ್ಲವನ್ನು ಕಳೆದು ಬತ್ತಿಸಿದರೆ ಸಕ್ಕರೆ ಪಾಕ ಸಿಕ್ಕಿತು. ಹಾಕಿದ ಆಮ್ಲವಾದರೋ ಒಂದಿಷ್ಟೂ ಖರ್ಚಾಗಿರಲಿಲ್ಲ. ಕೆಲಸ ಮಾಡಿಸಿ ತಾನು ಹಾಗೆಯೇ ಉಳಿದಿತ್ತು. 1819ರಲ್ಲಿ ಫ್ರಾನ್ಸಿನ ನಾನ್ಸಿ ಊರಿನ ಬ್ರಾಕೊನೊ ಇನ್ನೂ ಒಂದು ಹೆಜ್ಜೆ ಮುಂದೆ ಹೋಗಿ ಮರದ ಹೊಟ್ಟಿನಿಂದಲೂ ಹಳೆಯ ಬಟ್ಟೆಯ ಚಿಂದಿಯಿಂದಲೂ ಸಕ್ಕರೆ ತೆಗೆದ. ಚಿಂದಿಯ ತೂಕಕ್ಕಿಂತ ಅದರಿಂದ ಬಂದ ಸಕ್ಕರೆಯ ತೂಕವೇ ಹೆಚ್ಚಾಗಿದ್ದುದು ಓದಿದವರಿಗೆ ಪವಾಡದಂತೆ ಕಂಡಿರಬೇಕು.

ಪವಾಡವೇನಲ್ಲ. ಜಿನೀವಾದ ಸೊಸ್ಯೂರ್ ಎಂಬಾತ ಅಷ್ಟರಲ್ಲಾಗಲೇ ತಕ್ಕಡಿ ಹಿಡಿದು ಇದರ ಗುಟ್ಟನ್ನು ಬಿಡಿಸಿದ್ದ. ನೂರು ಭಾಗ ಪಿಷ್ಟದಿಂದ ಸುಮಾರು ನೂರಾಹತ್ತು ಭಾಗ ಸಕ್ಕರೆ ಬರುತ್ತದೆ, ಹೆಚ್ಚಿನ ಹತ್ತು ಭಾಗ ನೀರಿನದು ಎಂದು ಆತ ತೋರಿಸಿದ. ಸರಪಳಿಯ ಒಂದೊಂದು ಕೊಂಡಿ ಕಳಚಿಕೊಳ್ಳುವಾಗಲೂ ಒಂದು ನೀರಿನ ಅಣು ನಡುವೆ ಹೊಕ್ಕು ಎರಡೂ ತುದಿಗಳನ್ನು ಮುಚ್ಚುತ್ತದೆ.

ಲೆಕ್ಕ ಇಷ್ಟು ಸರಳವಾಗಿ ಕಂಡ ಮೇಲೆ ಮುಂದಿನ ಆಲೋಚನೆ ತಾನಾಗಿಯೇ ಹುಟ್ಟುತ್ತದೆ. ನೀರು ಸೇರಿದಾಗ ಪಿಷ್ಟ ಸಕ್ಕರೆಯಾಗುವುದಾದರೆ, ಸಕ್ಕರೆಯಿಂದ ನೀರನ್ನು ಕಿತ್ತುಕೊಂಡಾಗ ಅದು ಪಿಷ್ಟವಾಗಬೇಕಲ್ಲ?

ಹಾಗೆ ಯೋಚಿಸಿ ಕೆಲಸಕ್ಕಿಳಿದವರಲ್ಲಿ ಮೊದಲಿಗ ಸ್ಟ್ರಾಸ್‌ಬರ್ಗ್‌ನ ಮುಸ್ಕುಲಸ್. ಪಿಷ್ಟ ಒಡೆಯುವ ಬಗೆಯನ್ನು ವರ್ಷಗಟ್ಟಲೆ ಅಭ್ಯಾಸ ಮಾಡಿದ್ದ ಈತ 1872ರಲ್ಲಿ ಅದೇ ದಾರಿಯಲ್ಲಿ ಹಿಂದಕ್ಕೆ ನಡೆಯಲು ನೋಡಿದ. ನೀರನ್ನು ಹೀರುವ ಗುಣವುಳ್ಳ ಪ್ರಬಲ ಗಂಧಕಾಮ್ಲದಲ್ಲಿ ಗ್ಲೂಕೋಸನ್ನು ಕರಗಿಸಿ, ಆಮೇಲೆ ಮದ್ಯಸಾರ ಸುರಿದ. ಬಿಳಿಯ ಪುಡಿಯೊಂದು ತಳಕ್ಕಿಳಿಯಿತು. ಅದು ಸಕ್ಕರೆಯಾಗಿರಲಿಲ್ಲ, ಅಂಟಿನಂಥ ವಸ್ತು. ಅದನ್ನು ಸಾರರಿಕ್ತ ಆಮ್ಲದಲ್ಲಿ ಕುದಿಸಿದರೆ ಮತ್ತೆ ಗ್ಲೂಕೋಸ್ ಬರುತ್ತಿತ್ತು. ಪಿಷ್ಟ ಅರ್ಧಂಬರ್ಧ ಒಡೆದಾಗ ಸಿಗುವ ಡೆಕ್ಸ್‌ಟ್ರಿನ್ ಎಂಬ ಅಂಟನ್ನೇ ಅದು ಹೋಲುತ್ತಿತ್ತು. ಅರ್ಧ ದಾರಿ ಹಿಂದಕ್ಕೆ ಬಂದಂತಾಯಿತು ಎಂದು ಮುಸ್ಕುಲಸ್ ಭಾವಿಸಿದ್ದರೆ ಅದರಲ್ಲಿ ತಪ್ಪೇನಿಲ್ಲ.

ಎರಡು ವರ್ಷಗಳ ನಂತರ ಗೋಟಿಯೆ ಎಂಬ ಫ್ರೆಂಚ್ ರಸಾಯನಜ್ಞ ಹೈಡ್ರೋಕ್ಲೋರಿಕ್ ಆಮ್ಲದ ಅನಿಲವನ್ನು ಬಳಸಿ ಇಂಥದೇ ವಸ್ತುವನ್ನು ಪಡೆದ. 1886ರಲ್ಲಿ ಪ್ಯಾರಿಸಿನ ಗ್ರಿಮೋ ಮತ್ತು ಲೆಫೆವ್ರ್ ಗ್ಲೂಕೋಸಿನ ದ್ರಾವಣಕ್ಕೆ ಅದೇ ಆಮ್ಲವನ್ನು ಬೆರೆಸಿ, ಗಾಳಿ ತೆಗೆದ ಪಾತ್ರೆಯಲ್ಲಿ ಮೆಲ್ಲಗೆ ಬತ್ತಿಸಿದರು. ನಿರ್ವಾತದಲ್ಲಿ ನೀರು ಕಡಿಮೆ ಶಾಖಕ್ಕೇ ಆವಿಯಾಗುತ್ತದೆ, ಸಕ್ಕರೆ ಸೀಯುವುದಿಲ್ಲ. ಈ ಉಪಾಯವನ್ನು ಮುಂದೆ ಅನೇಕರು ಅನುಸರಿಸಿದರು. ಗ್ರಿಮೋ ಬಗ್ಗೆ ಒಂದು ಮಾತು ಇಲ್ಲಿ ಹೇಳಲೇಬೇಕು. ಲವಾಸಿಯೆಯ ಜೀವನಚರಿತ್ರೆ ಬರೆದ ಈತ, 1898ರಲ್ಲಿ ಡ್ರೇಫಸ್ ಪ್ರಕರಣದಲ್ಲಿ ಲೇಖಕ ಜೋಲಾನ ಪರವಾಗಿ ನ್ಯಾಯಾಲಯದಲ್ಲಿ ಸಾಕ್ಷಿ ಹೇಳಿ, ಅದಕ್ಕಾಗಿ ಎಕೋಲ್ ಪಾಲಿಟೆಕ್ನಿಕ್‌ನ ಪ್ರಾಧ್ಯಾಪಕ ಹುದ್ದೆಯನ್ನು ಕಳೆದುಕೊಂಡ. ಸಕ್ಕರೆಯ ಚರಿತ್ರೆಗೆ ಇದು ಸಂಬಂಧಿಸಿದ್ದಲ್ಲ; ಆದರೂ ಮರೆಯುವಂಥದ್ದಲ್ಲ.

ಇವರೆಲ್ಲರ ಅಂಟುಗಳಿಗೂ ಒಂದು ಸಾಮಾನ್ಯ ಕೊರತೆಯಿತ್ತು. ಪಿಷ್ಟವನ್ನು ಗುರುತಿಸಲು ಶಾಲೆಯ ಮಕ್ಕಳೂ ಬಲ್ಲ ಪರೀಕ್ಷೆಯೊಂದಿದೆ. ಗಂಜಿಗೆ ಒಂದು ಹನಿ ಅಯೋಡಿನ್ ಹಾಕಿದರೆ ಕಡುನೀಲಿ ಬಣ್ಣ ಬರುತ್ತದೆ. ರಸಾಯನಜ್ಞರು ಕಟ್ಟಿದ ಈ ಅಂಟುಗಳಿಗೆ ಎಷ್ಟೇ ಅಯೋಡಿನ್ ಹಾಕಿದರೂ ನೀಲಿ ಬರಲಿಲ್ಲ.

ನೀಲಿ ಬರುತ್ತದೋ ಇಲ್ಲವೋ ಎಂಬುದು ಕೇವಲ ಪ್ರಯೋಗಶಾಲೆಯ ಪ್ರಶ್ನೆಯಾಗಿ ಉಳಿದಿರಲಿಲ್ಲ. ಇಂಗಾಲ ಮತ್ತು ಜಲಜನಕಗಳಿಂದಲೇ ಅಸಿಟಲೀನ್ ಅನಿಲವನ್ನು ತಯಾರಿಸಿ ಹೆಸರಾಗಿದ್ದ ಫ್ರಾನ್ಸಿನ ಬೆರ್ತೆಲೊ, 1894ರಲ್ಲಿ ರಾಸಾಯನಿಕ ಉದ್ಯಮಿಗಳ ಔತಣಕೂಟವೊಂದರಲ್ಲಿ ಕ್ರಿ.ಶ. 2000ದ ಜಗತ್ತು ಹೇಗಿರುತ್ತದೆ ಎಂದು ಭಾಷಣ ಮಾಡಿದ. ಆ ಹೊತ್ತಿಗೆ ಹೊಲಗದ್ದೆಗಳೇ ಬೇಕಿರುವುದಿಲ್ಲ, ಆಹಾರವೆಲ್ಲ ಕಾರ್ಖಾನೆಯಲ್ಲಿ ತಯಾರಾಗುತ್ತದೆ, ಬರ, ಆಲಿಕಲ್ಲು, ಹಿಮದ ಭಯವಿಲ್ಲದೆ ಮನುಷ್ಯ ಬದುಕುತ್ತಾನೆ ಎಂಬುದು ಅವನ ಕನಸು. ಮನುಷ್ಯನ ಹೊಟ್ಟೆ ತುಂಬಿಸುವುದು ಮುಖ್ಯವಾಗಿ ಪಿಷ್ಟ. ಅದನ್ನು ಕಟ್ಟಲಾಗದಿದ್ದರೆ ಆ ಕನಸಿಗೆ ತಳಪಾಯವೇ ಇಲ್ಲ.

ಬೆರ್ತೆಲೊ ಹೀಗೆ ಭಾಷಣ ಮಾಡುವ ಹೊತ್ತಿಗೆ ಈ ಕ್ಷೇತ್ರದ ಅತಿದೊಡ್ಡ ಹೆಸರು ಜರ್ಮನಿಯ ಎಮಿಲ್ ಫಿಷರ್‌ನದು. 1890ರಲ್ಲಿ ಆತ ಗ್ಲೂಕೋಸನ್ನೇ ಪ್ರಯೋಗಶಾಲೆಯಲ್ಲಿ ಸಂಶ್ಲೇಷಿಸಿ ಜಗತ್ತನ್ನು ಬೆರಗುಗೊಳಿಸಿದ. ಅದೇ ವರ್ಷ ಎರಡು ಗ್ಲೂಕೋಸುಗಳನ್ನು ಜೋಡಿಸುವ ಕೆಲಸಕ್ಕೂ ಕೈಹಾಕಿದ. ಪ್ರಬಲ ಹೈಡ್ರೋಕ್ಲೋರಿಕ್ ಆಮ್ಲದಲ್ಲಿ ಗ್ಲೂಕೋಸನ್ನು ಕರಗಿಸಿ, ಬಿಸಿ ಮಾಡದೆ, ತಂಪಿನಲ್ಲೇ ಬಿಟ್ಟ. ಜೋಡಿ ಸಕ್ಕರೆಯೊಂದು ಸಿಕ್ಕಿತು. ಪಿಷ್ಟ ಒಡೆದಾಗ ಸಿಗುವ ಜೋಡಿ ಸಕ್ಕರೆಗೆ ಮಾಲ್ಟೋಸ್ ಎಂದು ಹೆಸರು; ಮೊಳಕೆ ಬಂದ ಬಾರ್ಲಿಯಲ್ಲಿರುವುದೂ ಅದೇ. ಫಿಷರ್‌ಗೆ ಸಿಕ್ಕಿದ್ದು ಮಾಲ್ಟೋಸ್ ಆಗಿರಲಿಲ್ಲ. ಯೀಸ್ಟ್ ಅದನ್ನು ಹುಳಿಯಿಸಲಿಲ್ಲ. ಮಾಲ್ಟೋಸಿನಂತೆಯೇ ಇದ್ದು ಮಾಲ್ಟೋಸ್ ಅಲ್ಲದ ಅದಕ್ಕೆ ಐಸೋಮಾಲ್ಟೋಸ್ ಎಂದು ಹೆಸರಿಟ್ಟ.

ಈ ಹೆಸರು ಮುಂದೆ ದೊಡ್ಡ ಗೊಂದಲಕ್ಕೆ ಕಾರಣವಾಯಿತು. ಬಿಯರ್ ಉದ್ಯಮದ ರಸಾಯನಜ್ಞ ಲಿಂಟ್ನರ್ ತನ್ನ ಬಾರ್ಲಿ ಕಷಾಯದಲ್ಲೂ ಐಸೋಮಾಲ್ಟೋಸ್ ಇದೆ ಎಂದ. ಇಲ್ಲವೇ ಇಲ್ಲ, ಅದು ಕಶ್ಮಲ ಸೇರಿದ ಮಾಲ್ಟೋಸ್ ಎಂದರು ಇಂಗ್ಲೆಂಡಿನವರು. ಕೊನೆಗೆ ತಿಳಿದುಬಂದದ್ದೇನೆಂದರೆ, ಫಿಷರ್‌ನ ಐಸೋಮಾಲ್ಟೋಸೇ ಒಂದು ಶುದ್ಧ ವಸ್ತುವಾಗಿರಲಿಲ್ಲ. ಅದರಲ್ಲಿ ಒಂದಕ್ಕಿಂತ ಹೆಚ್ಚು ಜೋಡಿ ಸಕ್ಕರೆಗಳು ಬೆರೆತಿದ್ದವು. ನಿಜವಾದ ಐಸೋಮಾಲ್ಟೋಸನ್ನು ಶುದ್ಧ ಹರಳಿನ ರೂಪದ ಸಂಯುಕ್ತವಾಗಿ ಹಿಡಿಯಲು 1940ರ ದಶಕದ ಕೊನೆಯವರೆಗೆ ಕಾಯಬೇಕಾಯಿತು.

ಇತ್ತ ಪಿಷ್ಟದಿಂದ ಗ್ಲೂಕೋಸ್ ತಯಾರಿಸುವವರಿಗೆ ಈ ವಿದ್ಯಮಾನ ದೊಡ್ಡ ತಲೆನೋವು. ಪಾಕ ಗಟ್ಟಿಯಾದಂತೆಲ್ಲ ಬಿಡಿಯಾದ ಗ್ಲೂಕೋಸ್ ತಾನಾಗಿಯೇ ಮತ್ತೆ ಜೋಡಿಕಟ್ಟುತ್ತಿತ್ತು, ಇಳುವರಿ ಕುಸಿಯುತ್ತಿತ್ತು. ಸಾಲದ್ದಕ್ಕೆ ಪಾಕಕ್ಕೊಂದು ಸಣ್ಣ ಕಹಿ. ಆಲ್ಫ್ರೆಡ್ ವೋಲ್ ಎಂಬಾತ ಇದಕ್ಕೆ 'ಹಿಮ್ಮರಳುವಿಕೆ' ಎಂಬ ಅರ್ಥದ ಹೆಸರು ಕೊಟ್ಟ. ಕಹಿಗೆ ಕಾರಣ ಜೆನ್ಶಿಯೋಬಯೋಸ್ ಎಂಬ ಜೋಡಿ ಸಕ್ಕರೆ. ಎರಡು ಸಿಹಿ ಸೇರಿ ಕಹಿಯಾಗುವುದು ವಿಚಿತ್ರವೇ ಸರಿ.

ಆಮ್ಲಕ್ಕೆ ವಿವೇಚನೆಯಿಲ್ಲ, ಕಿಣ್ವಕ್ಕೆ ಇದೆ, ಅದನ್ನೇ ಬಳಸಿದರೆ ಹೇಗೆ? 1898ರಲ್ಲಿ ಇಂಗ್ಲೆಂಡಿನ ಆರ್ಥರ್ ಕ್ರಾಫ್ಟ್ ಹಿಲ್ ಮಾಡಿದ್ದು ಇದನ್ನೇ. ಯೀಸ್ಟಿನಲ್ಲಿ ಮಾಲ್ಟೋಸನ್ನು ಒಡೆಯುವ ಕಿಣ್ವವಿದೆ. ಅದನ್ನು ಗಾಢವಾದ ಗ್ಲೂಕೋಸ್ ದ್ರಾವಣಕ್ಕೆ ಸೇರಿಸಿ ಬಹುದಿನ ಬಿಟ್ಟ. ಕತ್ತರಿಯೇ ಹೊಲಿಗೆ ಹಾಕಿತು! ಜೋಡಿ ಸಕ್ಕರೆ ಹುಟ್ಟಿತ್ತು. ಅದು ಮಾಲ್ಟೋಸ್ ಎಂದು ಕ್ರಾಫ್ಟ್ ಹಿಲ್ ಸಾರಿದ. ಕಿಣ್ವ ಎರಡೂ ದಿಕ್ಕಿನಲ್ಲಿ ಕೆಲಸ ಮಾಡಬಲ್ಲದು ಎಂಬ ಈ ಕಾಣ್ಕೆ ಬಹಳ ದೊಡ್ಡದು. ಆದರೆ ಸಕ್ಕರೆಯ ಗುರುತಿನಲ್ಲಿ ಮತ್ತೆ ತಪ್ಪಾಗಿತ್ತು. 1901ರಲ್ಲಿ ಎಮ್ಮರ್‌ಲಿಂಗ್ ಅದನ್ನು ಪರೀಕ್ಷಿಸಿ, ಮಾಲ್ಟೋಸ್ ಅಲ್ಲ, ಐಸೋಮಾಲ್ಟೋಸ್ ಎಂದ. ಆಮ್ಲದಿಂದ ಬಂದರೂ, ಕಿಣ್ವದಿಂದ ಬಂದರೂ ಕೈಗೆ ಸಿಗುತ್ತಿದ್ದುದು ಬೇಕಾದದ್ದಲ್ಲ, ಅದರ ದಾಯಾದಿ.

ಹೀಗೇಕೆ? ಇಂದು ಇದನ್ನು ವಿವರಿಸುವುದು ಕಷ್ಟವಲ್ಲ. ಗ್ಲೂಕೋಸ್ ಅಣುವನ್ನು ಐದು ಕೈಗಳ ಒಂದು ಉಂಗುರವೆಂದು ಊಹಿಸಿಕೊಳ್ಳಿ. ಒಂದನೆಯ ಇಂಗಾಲದ ಮೇಲಿರುವ ಕೈ ವಿಶೇಷವಾದುದು. ಪಕ್ಕದ ಅಣುವನ್ನು ಹಿಡಿಯಲು ಚಾಚುವುದು ಅದೇ. ಪಕ್ಕದ ಅಣುವಿನಲ್ಲಿ ಅದು ಹಿಡಿಯಬಹುದಾದ ಕೈಗಳು ನಾಲ್ಕು: ಎರಡು, ಮೂರು, ನಾಲ್ಕು ಮತ್ತು ಆರನೆಯ ಇಂಗಾಲಗಳ ಮೇಲಿನವು. ಚಾಚುವ ಕೈ ಮೇಲ್ಮುಖವಾಗಿಯೂ ಇರಬಹುದು, ಕೆಳಮುಖವಾಗಿಯೂ ಇರಬಹುದು. ಅಲ್ಲಿಗೆ ಎಂಟು ಬಗೆಯಾಯಿತು. ಎರಡು ಅಣುಗಳೂ ತಮ್ಮ ವಿಶೇಷ ಕೈಗಳನ್ನೇ ಪರಸ್ಪರ ಹಿಡಿದರೆ ಇನ್ನೂ ಮೂರು. ಒಟ್ಟು ಹನ್ನೊಂದು. ಪ್ರೋಟೀನಿನ ಎರಡು ಗ್ಲೈಸಿನ್ ಘಟಕಗಳನ್ನು ಜೋಡಿಸಹೊರಟರೆ ಸಿಗುವುದು ಒಂದೇ ಒಂದು ಜೋಡಿ. ಎರಡು ಗ್ಲೂಕೋಸ್ ಜೋಡಿಸಹೊರಟರೆ ಹನ್ನೊಂದು! ಮೂರು ಗ್ಲೂಕೋಸ್ ಸೇರಿಸಿದರೆ ಸಾಧ್ಯತೆಗಳು ನೂರನ್ನು ಮೀರುತ್ತವೆ. ಪಿಷ್ಟದ ಸರಪಳಿಯ ಉದ್ದಕ್ಕೂ ಒಂದನೆಯ ಕೈ ನಾಲ್ಕನೆಯದನ್ನೇ ಹಿಡಿದಿರಬೇಕು, ಅದೂ ಕೆಳಮುಖವಾಗಿಯೇ. ಮೇಲ್ಮುಖವಾದರೆ ಅದು ಪಿಷ್ಟವಲ್ಲ, ಸೆಲ್ಯುಲೋಸ್. ಮಣಿಗಳು ಅವೇ, ಹಿಡಿದ ಜಾಗವೂ ಅದೇ. ದಿಕ್ಕು ಬದಲಾದರೆ ಅನ್ನದ ಬದಲು ಹತ್ತಿ.

ಆಮ್ಲದ ಪಾತ್ರೆಯಲ್ಲಿ ಈ ಶಿಸ್ತನ್ನು ಕಾಯುವವರು ಯಾರೂ ಇಲ್ಲ. ಅಲ್ಲಿ ಯಾವ ಕೈ ಹತ್ತಿರ ಸಿಕ್ಕಿತೋ ಅದನ್ನು ಹಿಡಿಯುವುದೇ ನಿಯಮ. ಆರನೆಯ ಇಂಗಾಲದ ಕೈ ಉಂಗುರದಿಂದ ಹೊರಕ್ಕೆ ಚಾಚಿಕೊಂಡು ಸುಲಭವಾಗಿ ಸಿಗುವುದರಿಂದ ಹೆಚ್ಚಿನ ಜೋಡಣೆ ಅಲ್ಲೇ ಆಗುತ್ತದೆ. ಐಸೋಮಾಲ್ಟೋಸ್, ಜೆನ್ಶಿಯೋಬಯೋಸ್ ಎರಡೂ ಆರನೆಯ ಕೈ ಹಿಡಿದ ಜೋಡಿಗಳೇ. ಇಷ್ಟನ್ನು ನೋಡಿದರೆ ಫಿಷರ್‌ಗೆ ಮಾಲ್ಟೋಸ್ ಸಿಗದಿದ್ದುದಕ್ಕಿಂತ, ಮುಸ್ಕುಲಸ್‌ನಂಥವರು ಗ್ಲೂಕೋಸಿನ ಆಕಾರವೇ ತಿಳಿಯದೆ ಈ ಕೆಲಸಕ್ಕೆ ಇಳಿದದ್ದೇ ಹೆಚ್ಚು ಆಶ್ಚರ್ಯ. ಉಂಗುರದ ನಿಜ ರಚನೆಯನ್ನು ಇಂಗ್ಲೆಂಡಿನ ಹಾವರ್ತ್ ಮುಂತಾದವರು ಖಚಿತಪಡಿಸಿದ್ದು 1920ರ ದಶಕದಲ್ಲಿ.

ಅದಕ್ಕೂ ಮುಂಚೆ ಇನ್ನೊಂದು ಎಡವಟ್ಟು ನಡೆಯಿತು. ಜಿನೀವಾದ ಅಮೆ ಪಿಕ್ಟೆ, ನಿಕೋಟಿನ್ ಸಂಶ್ಲೇಷಿಸಿ ಹೆಸರು ಮಾಡಿದ ಗಟ್ಟಿ ಕೆಲಸಗಾರ. 1918ರಲ್ಲಿ ಆತ ಮತ್ತು ಸರಸಿನ್ ಸೇರಿ ಪಿಷ್ಟವನ್ನು ನಿರ್ವಾತದಲ್ಲಿ ಕಾಸಿ ಭಟ್ಟಿ ಇಳಿಸಿದರು. ನೀರು ಕಳೆದುಕೊಂಡ ಗ್ಲೂಕೋಸಿನಂತಿರುವ ಲೆವೋಗ್ಲೂಕೋಸಾನ್ ಎಂಬ ಹರಳು ಸಿಕ್ಕಿತು. ಪಿಕ್ಟೆ ಅದನ್ನು ಮತ್ತೆ ಕಾಸಿ ಡೆಕ್ಸ್‌ಟ್ರಿನ್ನಿನಂಥ ಅಂಟನ್ನು ಪಡೆದ. ಪಿಷ್ಟ ಒಡೆದು ಬಂದ ಹರಳೇ ಮತ್ತೆ ಕೂಡಿಕೊಂಡಾಗ, ಪಿಷ್ಟದ ಇಟ್ಟಿಗೆಯೇ ಇದು ಎನ್ನಿಸುವುದು ಸಹಜ. ಆ ಕಾಲದ ಹಲವು ರಸಾಯನಜ್ಞರು ಪಿಷ್ಟ, ಸೆಲ್ಯುಲೋಸ್‌ಗಳೆಲ್ಲ ಸಣ್ಣ ಅಣುಗಳು ಗುಂಪಾಗಿ ಅಂಟಿಕೊಂಡ ಮುದ್ದೆಗಳೆಂದೇ ನಂಬಿದ್ದರು. ಅವು ನಿಜವಾಗಿ ಉದ್ದನೆಯ ಒಂದೇ ಅಣು ಎಂದು ಜರ್ಮನಿಯ ಸ್ಟಾಡಿಂಗರ್ 1920ರಿಂದ ಹೇಳುತ್ತ ಬಂದರೂ ಒಪ್ಪಿದವರು ಕಡಿಮೆ. ಇಟ್ಟಿಗೆಗಳ ರಾಶಿ ಎಂದುಕೊಂಡದ್ದು ಸರಪಳಿಯಾಗಿದ್ದರೆ ಕಟ್ಟುವ ವಿಧಾನವೂ ಬೇರೆಯೇ ಆಗಬೇಕಲ್ಲವೆ?

1928ರಲ್ಲಿ, ಎಪ್ಪತ್ತು ದಾಟಿದ ಪಿಕ್ಟೆ ತನ್ನ ಸಹಾಯಕ ಫೋಗೆಲ್ ಜೊತೆ ಸೇರಿ, ನಾವು ದಿನವೂ ಬಳಸುವ ಸಕ್ಕರೆಯನ್ನೇ, ಅಂದರೆ ಗ್ಲೂಕೋಸ್ ಮತ್ತು ಫ್ರಕ್ಟೋಸ್ ಸೇರಿದ ಸುಕ್ರೋಸನ್ನು, ಸಂಶ್ಲೇಷಿಸಿದ್ದಾಗಿ ಪ್ರಕಟಿಸಿದ. ಸ್ಕಾಟ್ಲೆಂಡಿನಲ್ಲಿ ಅರ್ವೈನ್ ಮತ್ತು ಸಂಗಡಿಗರು, ಬುಡಾಪೆಸ್ಟ್‌ನಲ್ಲಿ ಜೆಂಪ್ಲೆನ್ ಅದೇ ಪ್ರಯೋಗವನ್ನು ಮಾಡಿ ನೋಡಿದರು. ಯಾರಿಗೂ ಸಕ್ಕರೆ ಬರಲಿಲ್ಲ. ಸಕ್ಕರೆಯ ರಸಾಯನವಿಜ್ಞಾನದಲ್ಲಿ ಇಂಥ ಹರಳು ಕಾಣಿಸಿತು ಎಂಬುದು ಬೇರೆ, ಮತ್ತೊಬ್ಬನ ಕೈಯಲ್ಲೂ ಅದು ಕಾಣಿಸಬೇಕು ಎಂಬುದು ಬೇರೆ. ಸುಕ್ರೋಸನ್ನು ನಿಸ್ಸಂದೇಹವಾಗಿ ಸಂಶ್ಲೇಷಿಸಿದವರು ಕೆನಡಾದ ಲೆಮ್ಯೂ ಮತ್ತು ಹ್ಯೂಬರ್. ಅದೂ 1953ರಲ್ಲಿ, ಅದೂ ಅತ್ಯಲ್ಪ ಇಳುವರಿಯಲ್ಲಿ. ಎರಡು ಮಣಿಗಳನ್ನು ಸರಿಯಾಗಿ ಪೋಣಿಸಲು ಇಷ್ಟು ಕಾಲ ಹಿಡಿದಿದ್ದರೆ ಸಾವಿರ ಮಣಿಗಳ ಮಾತೇನು!

ಅಷ್ಟರಲ್ಲಿ ನೀಲಿ ಬಣ್ಣ ಬೇರೊಂದು ಕಡೆಯಿಂದ ಬಂದಾಗಿತ್ತು. ಅಮೆರಿಕದ ಸೇಂಟ್ ಲೂಯಿಯಲ್ಲಿ ಕಾರ್ಲ್ ಮತ್ತು ಗರ್ಟಿ ಕೋರಿ ದಂಪತಿಗಳು ಸ್ನಾಯುಗಳು ಸಕ್ಕರೆಯನ್ನು ಬಳಸುವ ಬಗೆಯನ್ನು ಅಭ್ಯಾಸ ಮಾಡುತ್ತಿದ್ದರು. 1936ರಲ್ಲಿ ಕಪ್ಪೆಯ ಸ್ನಾಯುವಿನಲ್ಲಿ ಅವರಿಗೊಂದು ಹೊಸ ವಸ್ತು ಸಿಕ್ಕಿತು. ಗ್ಲೂಕೋಸಿನ ಒಂದನೆಯ ಕೈಗೆ ಫಾಸ್ಫೇಟ್ ತಗುಲಿಕೊಂಡಿತ್ತು. ಚಾಚಬೇಕಾದ ಕೈ ಯಾವುದೆಂದು ಗುರುತು ಹಾಕಿಟ್ಟಂತೆ! 1939ರಲ್ಲಿ ಅವರು ಈ ವಸ್ತುವನ್ನು ಫಾಸ್ಫೊರಿಲೇಸ್ ಎಂಬ ಕಿಣ್ವದೊಂದಿಗೆ ಸೇರಿಸಿ ಪ್ರನಾಳದಲ್ಲೇ ಗ್ಲೈಕೋಜನ್ ಮಾದರಿಯ ಬಹುಶರ್ಕರ ಕಟ್ಟಿ ತೋರಿಸಿದರು. ಸ್ನಾಯುವಿನ ಕಿಣ್ವ ಕಟ್ಟಿದ ವಸ್ತುವಿಗೆ ಅಯೋಡಿನ್ ಹಾಕಿದಾಗ ಅದು ಪಿಷ್ಟದಂತೆ ನೀಲಿಯಾಯಿತು. 1940ರಲ್ಲಿ ಕೇಂಬ್ರಿಜ್‌ನ ಹೇನ್ಸ್ ಆಲೂಗಡ್ಡೆಯ ಕಿಣ್ವದಿಂದ ಪಿಷ್ಟವನ್ನೇ ತಯಾರಿಸಿದ. ಕೋರಿ ದಂಪತಿಗಳಿಗೆ 1947ರಲ್ಲಿ ನೊಬೆಲ್ ಬಂತು. ವೈದ್ಯವಿಜ್ಞಾನದ ನೊಬೆಲ್ ಪಡೆದ ಮೊದಲ ಮಹಿಳೆ ಗರ್ಟಿ ಕೋರಿ.

ಇಲ್ಲೂ ಒಂದು ತಿರುವಿದೆ. ಫಾಸ್ಫೊರಿಲೇಸ್ ದೇಹದೊಳಗೆ ಮಾಡುವುದು ಮುಖ್ಯವಾಗಿ ಒಡೆಯುವ ಕೆಲಸವನ್ನು. ಕಟ್ಟುವ ನಿಜವಾದ ದಾರಿ ಬೇರೆಯದೆಂದು ಅರ್ಜೆಂಟೀನಾದ ಲೆಲುವಾರ್ ಮತ್ತು ಸಂಗಡಿಗರು 1957ರಲ್ಲಿ ತೋರಿಸಿದರು. ಪ್ರನಾಳದಲ್ಲಿ ನೀಲಿ ತಂದದ್ದು ಕೂಡ ಕ್ರಾಫ್ಟ್ ಹಿಲ್‌ನ ಯೀಸ್ಟ್ ಕಿಣ್ವದಂತೆ ಹಿಂದುಮುಂದಾಗಿ ಓಡಿದ ಕತ್ತರಿಯೇ!

ಹಳೆಯ ಆಮ್ಲದ ಪಾತ್ರೆಯೊಳಗೆ ನಿಜವಾಗಿ ಏನೇನು ಇತ್ತೆಂಬುದು ತಿಳಿದದ್ದು ಸಕ್ಕರೆಗಳನ್ನು ಬೇರ್ಪಡಿಸುವ ಹೊಸ ವಿಧಾನಗಳು ಬಂದ ಮೇಲೆ. ಅವುಗಳಲ್ಲಿ ಒಂದು ಕಾಗದದ ವರ್ಣರೇಖನ. ಮಿಶ್ರಣದ ಒಂದು ಹನಿಯನ್ನು ಶೋಧಕ ಕಾಗದದ ಮೇಲಿಟ್ಟು ದ್ರಾವಕ ಹರಿಸಿದರೆ ಒಂದೊಂದು ಸಕ್ಕರೆಯೂ ತನ್ನದೇ ವೇಗದಲ್ಲಿ ಸಾಗಿ ಬೇರೆ ಬೇರೆ ಕಡೆ ನಿಲ್ಲುತ್ತದೆ. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ಕೆ.ವಿ. ಗಿರಿಯವರು 1950ರ ದಶಕದ ಮೊದಲ ಭಾಗದಲ್ಲಿ ಇದನ್ನೇ ವೃತ್ತಾಕಾರದ ಕಾಗದದ ಮೇಲೆ ಮಾಡುವ ಕ್ರಮವನ್ನು ಬೆಳೆಸಿದರು. ಹನಿ ನಡುವಿನಿಂದ ಹೊರಟು ಬಳೆಗಳಂತೆ ಹರಡುವ ಈ ಕ್ರಮದಿಂದ ಅಮೈನೋ ಆಮ್ಲಗಳನ್ನೂ ಸಕ್ಕರೆಗಳನ್ನೂ ಬೇರ್ಪಡಿಸಬಹುದಾಗಿತ್ತು. 1954ರಲ್ಲಿ ಅಮೆರಿಕದ ಒಹಾಯೊದಲ್ಲಿ ವುಲ್ಫ್ರಮ್ ಮತ್ತು ಸಂಗಡಿಗರು ಆಮ್ಲದಲ್ಲಿ ಹಿಮ್ಮರಳಿದ ಗ್ಲೂಕೋಸ್ ಪಾಕವನ್ನು ಬಿಡಿಸಿ ನೋಡಿದಾಗ ಹಲವು ಬಗೆಯ ಜೋಡಿ ಸಕ್ಕರೆಗಳು ಸಿಕ್ಕವು. ಅವುಗಳಲ್ಲಿ ಮಾಲ್ಟೋಸೂ ಇತ್ತು! ಫಿಷರ್ ಹುಡುಕಿದ್ದು ಅವನ ಪಾತ್ರೆಯಲ್ಲೂ ಒಂದಿಷ್ಟು ಇದ್ದಿರಬಹುದು, ಗುಂಪಿನಲ್ಲಿ ಕಾಣಲಿಲ್ಲ ಅಷ್ಟೆ.

ಬೇಡದ ಕೈಗಳನ್ನೆಲ್ಲ ರಾಸಾಯನಿಕ ಮುಸುಕು ಹಾಕಿ ಕಟ್ಟಿ, ಬೇಕಾದ ಕೈಯನ್ನು ಮಾತ್ರ ಬಿಟ್ಟು ಜೋಡಿಸುವ ಮಾರ್ಗ ಆಮೇಲೆ ಫಲ ಕೊಟ್ಟಿತು. 1966ರಲ್ಲಿ ಅಮೆರಿಕದ ಶೂರ್ಕ್ ಮತ್ತು ರಕೆಲ್, ಪಿಕ್ಟೆಯ ಅದೇ ಲೆವೋಗ್ಲೂಕೋಸಾನಿಗೆ ಮುಸುಕು ತೊಡಿಸಿ, ಸೊನ್ನೆಗಿಂತ 78 ಡಿಗ್ರಿ ಕೆಳಗಿನ ಚಳಿಯಲ್ಲಿ ಉದ್ದವಾದ, ಒಂದೇ ಶಿಸ್ತಿನ ಸರಪಳಿ ಕಟ್ಟಿದರು. ಅದು ಆರನೆಯ ಕೈಗಳನ್ನು ಹಿಡಿದ ಡೆಕ್ಸ್‌ಟ್ರಾನ್, ಪಿಷ್ಟವಲ್ಲ. ಸೆಲ್ಯುಲೋಸಿಗೆ ಇನ್ನೂ ಹೊತ್ತು ಬೇಕಾಯಿತು. 1991ರಲ್ಲಿ ಜಪಾನಿನ ಕೊಬಯಾಶಿ ಮತ್ತು ಸಂಗಡಿಗರು ಸೆಲ್ಯುಲೋಸನ್ನು ಕತ್ತರಿಸುವ ಕಿಣ್ವವನ್ನೇ ಬಳಸಿ ಅದನ್ನು ಕಟ್ಟಿದರು. ಕಿಣ್ವದ ನೆರವಿಲ್ಲದೆ, ಶುದ್ಧ ರಾಸಾಯನಿಕ ಮಾರ್ಗದಿಂದ ಕಟ್ಟಿದವರು ಕ್ಯೋಟೋದ ನಕತ್ಸುಬೊ ಮತ್ತು ಸಂಗಡಿಗರು, 1996ರಲ್ಲಿ. ಎರಡೂ ಸರಪಳಿಗಳ ಉದ್ದ ಸುಮಾರು ಇಪ್ಪತ್ತು ಗ್ಲೂಕೋಸ್. ಹೊಲದ ಹತ್ತಿಯ ಎಳೆಯಲ್ಲಿ ಅದು ಸಾವಿರಗಳ ಲೆಕ್ಕ.

ಇನ್ನು ಮುಸ್ಕುಲಸ್, ಗ್ರಿಮೋ ಮೊದಲಾದವರ ನೀಲಿ ಬಾರದ ಅಂಟಿನ ಕಥೆ. ಅಮೆರಿಕದ ಫೈಜರ್ ಕಂಪನಿಯ ರೆನ್‌ಹಾರ್ಡ್ ಎಂಬಾತ ಗ್ಲೂಕೋಸಿಗೆ ಸ್ವಲ್ಪ ಸಾರ್ಬಿಟಾಲ್, ಒಂದು ಚಿಟಿಕೆ ಸಿಟ್ರಿಕ್ ಆಮ್ಲ ಸೇರಿಸಿ ನಿರ್ವಾತದಲ್ಲಿ ಕರಗಿಸಿ ಕಾಸಿದ. ಸಿಕ್ಕ ವಸ್ತು ಸರಿಸುಮಾರು ಅದೇ ಹಳೆಯ ಅಂಟು: ಯಾವ ಕೈ ಯಾವ ಕೈಯನ್ನೋ ಹಿಡಿದ ಗೋಜಲು. ಆದರೆ ಈ ಬಾರಿ ಯಾರೂ ಅದನ್ನು ಪಿಷ್ಟ ಎನ್ನಲಿಲ್ಲ. ಮನುಷ್ಯನ ಕರುಳಿನ ಕಿಣ್ವಗಳಿಗೆ ಆ ಗೋಜಲನ್ನು ಬಿಡಿಸಲು ಬಾರದು. ಹಾಗಾಗಿ ಸಕ್ಕರೆಯ ಒಂದು ಗ್ರಾಮಿನಿಂದ ನಾಲ್ಕು ಕಿಲೊಕ್ಯಾಲರಿ ಸಿಕ್ಕರೆ ಇದರಿಂದ ಸಿಗುವುದು ಸುಮಾರು ಒಂದೇ. 1981ರಲ್ಲಿ ಅಮೆರಿಕದ ಸರ್ಕಾರ ಅದನ್ನು ಆಹಾರದಲ್ಲಿ ಬಳಸಲು ಒಪ್ಪಿಗೆ ಕೊಟ್ಟಿತು. ಬೆರ್ತೆಲೊ ಹೇಳಿದಂತೆ ಕಾರ್ಖಾನೆಯಿಂದಲೇ ಬಂದ ಆಹಾರ ಅದು, ಆದರೆ ಮೈಗೆ ಹತ್ತದಿರುವುದೇ ಅದರ ಗುಣ. ಸಕ್ಕರೆಯಿಲ್ಲದ ಬಿಸ್ಕತ್ತು, ಚಾಕೊಲೇಟುಗಳ ಪೊಟ್ಟಣದ ಹಿಂದೆ ಸಣ್ಣಕ್ಷರಗಳಲ್ಲಿ ಪಾಲಿಡೆಕ್ಸ್‌ಟ್ರೋಸ್ ಎಂದೋ, ಬರೀ 1200 ಎಂಬ ಸಂಖ್ಯೆಯಾಗಿಯೋ ಅದು ಕಾಣಸಿಗುತ್ತದೆ.